ನದಿಯನ್ನು ಉದ್ದ ಮಾಡಿದವಳು

ನಕ್ಷೆ ಕಚೇರಿಯಲ್ಲಿ ದಾರದಯ್ಯ ಎಂದರೆ ಗೊತ್ತಿಲ್ಲದವರು ಯಾರು! ಕೆಲಸದಿಂದ ನಿವೃತ್ತನಾಗಿ ಹದಿನೈದು ವರ್ಷವಾಗಿದ್ದರೂ ಮುದುಕನ ಜಂಬ ಮಾತ್ರ ನಿವೃತ್ತವಾಗಿರಲಿಲ್ಲ. ಬೆಟ್ಟದಿಂದ ಎರಡು ಕವಲಾಗಿ ಇಳಿದು, ಸಂಗಮದಲ್ಲಿ ಒಂದಾಗಿ ಸಮುದ್ರದವರೆಗೆ ಹರಿಯುವ ಆ ದೊಡ್ಡ ನದಿಯ ಹೆಸರು ಸಂಗಮದಿಂದ ಮೇಲೆ ಯಾವ ಕವಲಿಗೆ ಸಲ್ಲಬೇಕು? ಉದ್ದವಾದದ್ದಕ್ಕೆ. ನಕ್ಷೆಯ ಮೇಲೆ ದಾರ ಹಾಸಿ ಅಳೆದು, ಎಡಗವಲೇ ಉದ್ದವೆಂದು ಅದರ ಪಕ್ಕ ನದಿಯ ಹೆಸರು ಬರೆದವನು ಅವನೇ. ಶಾಲೆಗಳ ಗೋಡೆಯ ಮೇಲೆಲ್ಲ ಅದೇ ನಕ್ಷೆ. "ಈ ನದಿ ಎಲ್ಲಿ ಹುಟ್ಟುತ್ತೆ ಅಂತ ತೋರಿಸಿದವನು ನಾನು ಕಣಯ್ಯಾ" ಎಂದು ಕ್ಷೌರದಂಗಡಿಯಲ್ಲಿ, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡೇ, ಎಷ್ಟು ಸಲ ಕೊಚ್ಚಿಕೊಂಡಿದ್ದನೋ.

ಈಗ ಅವನ ಜಾಗದಲ್ಲಿ ಕೂತಿದ್ದವಳು ಅವನ ಮಗಳು. ಹೊಸ ನಕ್ಷೆ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಸುಮ್ಮನೆ ಒಂದು ಸಲ ತಾನೂ ದಾರ ಹಾಸಿ ನೋಡಿದಳು. ಬಲಗವಲು ಉದ್ದ ಬಂತು! ಮೂರು ಸಲ ಅಳೆದಳು, ಮೂರು ಸಲವೂ ಅದೇ. ಬಾಯಿ ಮುಚ್ಚಿಕೊಂಡು ಹಳೆಯದನ್ನೇ ಕಳಿಸಿದರೆ ಕೇಳುವವರಿಲ್ಲ. ತಿದ್ದಿದರೆ ಅಪ್ಪನ ಬದುಕಿನ ಒಂದೇ ಒಂದು ಹೆಮ್ಮೆ ಮಣ್ಣುಪಾಲು. ಆದರೂ ಸುಳ್ಳಿನ ಕೆಳಗೆ ಸಹಿ ಹಾಕಲು ಕೈ ಬರಲಿಲ್ಲ. ಮಧ್ಯಾಹ್ನ ಅಪ್ಪನನ್ನೇ ಕರೆತಂದಳು.

"ಅಪ್ಪಾ, ನೀನೇ ಒಂದ್ಸಲ ಅಳೆದುಬಿಡು."

"ನನಗೇ ಪರೀಕ್ಷೆ ಇಡ್ತೀಯೇನೇ?" ಎಂದು ಗುರ್ರೆಂದರೂ ಮುದುಕ ಒಳಗೊಳಗೇ ಹಿಗ್ಗಿ ಕನ್ನಡಕ ಏರಿಸಿದ. ದಾರವನ್ನು ಬಟ್ಟಲ ನೀರಲ್ಲಿ ಅದ್ದಿ ಎಡಗವಲಿನ ಮೇಲೆ ಹಾಸಿದ. ಒದ್ದೆ ದಾರ ಪ್ರತಿ ತಿರುವಿಗೂ ಅಂಟಿಕೊಂಡು ಕೂತಿತು. ಬಲಗವಲಿನ ಸರದಿ ಬರುವಷ್ಟರಲ್ಲಿ ದಾರ ಒಣಗಿತ್ತು. ಹಾಗೇ ಹಾಸಿದ. ಒಣ ದಾರ ಸಣ್ಣ ತಿರುವುಗಳನ್ನೆಲ್ಲ ಬಿಟ್ಟು ನೆಟ್ಟಗೆ ಹೋಯಿತು.

"ನೋಡಿದ್ಯಾ? ಎಡಗವಲೇ!"

ಮಗಳು ನೀರಿನ ಬಟ್ಟಲನ್ನು ಅವನ ಮುಂದೆ ಸರಿಸಿದಳು.

ಮುದುಕ ಬಟ್ಟಲು ನೋಡಿದ, ದಾರ ನೋಡಿದ. ಮುಖ ಕಪ್ಪಿಟ್ಟಿತು. ದಾರ ಅದ್ದಿ ಬಲಗವಲನ್ನು ಮತ್ತೆ ಅಳೆದ. ಎಡಗವಲಿಗಿಂತ ಹನ್ನೆರಡು ಮೈಲಿ ಹೆಚ್ಚು.

"ಅವತ್ತೂ ಹೀಗೇ ಮಾಡಿರ್ಬೇಕು" ಎಂದ, ಮೆಲ್ಲಗೆ. "ಊಟದ ಹೊತ್ತು ಮೀರಿತ್ತು. ಇನ್ನೊಂದ್ಸಲ ಅದ್ದೋಕೆ ಸೋಮಾರಿತನ, ಹಾಳಾದ್ದು."

ಮಗಳ ಕಣ್ಣು ತುಂಬಿತು. "ಬೇಡ ಬಿಡಪ್ಪಾ, ಹಳೇದೇ ಇರ್ಲಿ."

"ಏನಂದೆ? ದಾರದಯ್ಯನ ಮಗಳು ಆಡೋ ಮಾತಾ ಇದು?" ಮುದುಕ ಗದರಿದ. "ಬರಿ. ನನ್ನೆದುರಿಗೇ ಬರಿ. ಅಕ್ಷರ ದಪ್ಪಗಿರ್ಲಿ."

ಅವಳು ಬಲಗವಲಿನ ಓಟಕ್ಕೆ ತಕ್ಕಂತೆ ಹೆಸರನ್ನು ಬಾಗಿಸಿ ಬರೆದಳು. ಮುಗಿಯುವವರೆಗೂ ಹಾಳೆ ಅಲುಗದಂತೆ ಅಂಚನ್ನು ಅವನೇ ಒತ್ತಿ ಹಿಡಿದಿದ್ದ.

ಹೊಸ ನಕ್ಷೆ ಬಂದ ವಾರ ಕ್ಷೌರದವನು ಕತ್ತರಿ ಆಡಿಸುತ್ತಾ ಕೆಣಕಿದ: "ಏನ್ ದಾರದಯ್ಯನೋರೇ, ನೀವು ಬರೆದಿದ್ದು ತಪ್ಪಂತೆ?"

"ತಪ್ಪೇ" ಎಂದ ಮುದುಕ, ತಲೆಯೆತ್ತಿ. "ಆ ತಪ್ಪು ಹಿಡಿದವಳು ಯಾರು ಕೇಳು. ನಾನು ಬರೀ ಹೆಸರು ಬರೆದೆ ಕಣಯ್ಯಾ. ನನ್ನ ಮಗಳು ನದೀನೇ ಹನ್ನೆರಡು ಮೈಲಿ ಉದ್ದ ಮಾಡಿದ್ಳು!"