ಸಭೆಯಲ್ಲಿ ಓದಿದ ಅಮಾನತು ಪತ್ರ

ನೀರಣ್ಣ ಸತ್ತ ಎರಡು ವಾರಕ್ಕೆ ನೀರು ಸರಬರಾಜು ಕಚೇರಿಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಇಪ್ಪತ್ತಾರು ವರ್ಷ ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಟ್ಟವನು ಅವನು. ಯಾರ ಮನೆಯಲ್ಲಿ ಹಸುಗೂಸಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಲ್ಲವೂ ಅವನಿಗೆ ಗೊತ್ತಿತ್ತು. ಅಂಥ ಬೀದಿಗೆ ಅರ್ಧ ಗಂಟೆ ಹೆಚ್ಚೇ ಬಿಡುತ್ತಿದ್ದ. ಗೋಡೆಗೆ ಅವನ ಫೋಟೋ ತೂಗುಹಾಕಿದ್ದರು. ಕುರ್ಚಿ ಸಾಲದೆ ಜನ ಕಿಟಕಿಯಾಚೆಗೂ ನಿಂತಿದ್ದರು.

"ನೀರಣ್ಣ ನಮ್ಮ ಕಚೇರಿಯ ಬೆನ್ನೆಲುಬು," ಎಂದರು ಎಂಜಿನಿಯರ್.

ಮುಂದಿನ ಸಾಲಿನಿಂದ ನೀರಣ್ಣನ ಮಗಳು ಎದ್ದಳು. "ಆ ಬೆನ್ನೆಲುಬು ಮುರಿದಿದ್ದು ಯಾರು ಸಾರ್?"

"ಕೂತ್ಕೊಳಮ್ಮ. ಇದು ಅದಕ್ಕೆಲ್ಲ ಸಮಯ ಅಲ್ಲ."

"ನೀವು ಬರೆದಿದ್ದೇ ಓದ್ತೀನಿ," ಎಂದು ಅವಳು ಚೀಲದಿಂದ ಪತ್ರ ತೆಗೆದಳು. ಪೈಪು ಒಡೆದು ಮೂರು ದಿನ ಒಣಗಿದ್ದ ತಗ್ಗಿನ ಓಣಿಗೆ ಅವಳಪ್ಪ ಒಂದು ಬೆಳಿಗ್ಗೆ ನೀರು ತಿರುಗಿಸಿದ್ದ. ಅಂದು ಎಂಜಿನಿಯರ್ ಮನೆಯ ನಲ್ಲಿ ಬರೀ ಗಾಳಿ ಉಗುಳಿತ್ತು. 'ಕರ್ತವ್ಯಲೋಪ, ಉದ್ಧಟತನ, ಅಮಾನತು' ಎಂದಿತ್ತು ಪತ್ರ. ಎಂಟು ತಿಂಗಳಾದರೂ ವಿಚಾರಣೆ ನಡೆಯಲಿಲ್ಲ. ಮನೆಯಲ್ಲಿ ಕೂತಲ್ಲೇ ಅವನ ಎದೆಬಡಿತ ನಿಂತಿತು.

"ಥೂ, ಇದ್ದಾಗ ಗುದ್ದು, ಸತ್ತ ಮೇಲೆ ಮುದ್ದು!" ಯಾರೋ ಕೂಗಿದರು. ಜನ ಎಂಜಿನಿಯರ್ ಮೇಲೆ ಮುಗಿಬಿದ್ದರು.

ಮಗಳು ಜನರತ್ತ ತಿರುಗಿದಳು. "ನಿಮಗೆ ಎಲ್ಲಿಂದ ಬಂತು ಈಗ ಪೌರುಷ? ಅಪ್ಪನ್ನ ಕೆಲಸಕ್ಕೆ ವಾಪಸ್ ತಗೊಳ್ಳಿ ಅಂತ ನಾನು ಅರ್ಜಿ ಹಿಡ್ಕೊಂಡು ಮನೆಮನೆಗೆ ಬಂದಾಗ ಒಬ್ಬರಾದ್ರೂ ಸಹಿ ಹಾಕಿದ್ರಾ? 'ನಾಳೆ ಬಾ' ಅಂದ್ರಿ. 'ಸಾಹೇಬ್ರನ್ನ ಎದುರು ಹಾಕ್ಕೊಳ್ಳೋಕಾಗುತ್ತಾ' ಅಂದ್ರಿ. ತಗ್ಗಿನ ಓಣಿಯವರಂತೂ ಬಾಗಿಲೇ ತೆಗೀಲಿಲ್ಲ."

ಅದೇ ಓಣಿಯ ದರ್ಜಿ ತಲೆ ತಗ್ಗಿಸಿ ಎದ್ದ. "ತಪ್ಪಾಯ್ತು ಮಗಳೇ. ಕೊಡು, ಈಗ ಹಾಕ್ತೀನಿ."

"ಈಗ ಯಾರನ್ನ ಕೆಲಸಕ್ಕೆ ಸೇರಿಸ್ತೀರಿ ಮಾವ?"

ದರ್ಜಿ ಕೂತುಬಿಟ್ಟ. ಅವಳು ಎಂಜಿನಿಯರ್ ಮುಂದೆ ಬಿಳಿ ಹಾಳೆ ಇಟ್ಟಳು. "ಆರೋಪ ಸುಳ್ಳು ಅಂತ ಬರೀರಿ. ಬರೆದ್ರೆ ಅಪ್ಪನ ಫೋಟೋ ಇಲ್ಲೇ ಇರುತ್ತೆ."

"ಹಾಗೆಲ್ಲ ಬರೆಯೋಕೆ ಬರಲ್ಲಮ್ಮ. ನಿಯಮ ಇದೆ."

ಅವಳು ಕುರ್ಚಿ ಎಳೆದು ಹತ್ತಿ, ಗೋಡೆಯಿಂದ ಫೋಟೋ ಇಳಿಸಿಕೊಂಡಳು. ಬಾಗಿಲಲ್ಲಿ ನಿಂತವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಯಾರೂ ಅವಳ ಮುಖ ನೋಡಲಿಲ್ಲ.

ಸಭೆಗೆ ಬರಲೊಲ್ಲದ ಅಮ್ಮ ಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಏನಂದ್ರು ಎಲ್ಲಾ?"

"ಅಪ್ಪ ಬಹಳ ಒಳ್ಳೆಯವರು ಅಂದ್ರು."

"ಅವರು ಹೇಳ್ಬೇಕಿತ್ತಾ ಅದನ್ನ?" ಎಂದ ಅಮ್ಮ, ಫೋಟೋ ಇಡಲು ಮೇಜಿನ ಮೇಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು.