ಆಷಾಢ ಕಳೀಲಿ

ಭಾರತಮ್ಮ ಟೆಂಪೋದ ಹಿಂಭಾಗದಲ್ಲಿ ರಾಗಿ ಹುಲ್ಲು ಹಾಸುತ್ತಿದ್ದಳು. ಜಗಲಿಯ ಮೇಲೆ ಅವಳ ಅಣ್ಣ ಆಂಜಿನಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮಣ್ಣು ಮಾಡುವ ಮಾವಿನ ತೋಪು ದೂರವೆಂದು ಪಕ್ಕದೂರಿನ ಮುನಿಶಾಮಿ ತನ್ನ ಗಾಡಿ ತಂದಿದ್ದ. ಆಂಜಿನಪ್ಪನದೂ ಅದೇ ಕಂಪನಿಯ ಗಾಡಿ; ಇಬ್ಬರೂ ಒಂದೇ ದಿನ ಕೋಲಾರದಿಂದ ಓಡಿಸಿಕೊಂಡು ಬಂದಿದ್ದರು. ನಿನ್ನೆ ಗೌನಿಪಲ್ಲಿ ತಿರುವಿನಲ್ಲಿ ಆಂಜಿನಪ್ಪ ಸ್ಟೇರಿಂಗ್ ತಿರುಗಿಸಿದ, ಗಾಡಿ ತಿರುಗಲಿಲ್ಲ.

"ಬಸ್ ತಪ್ಪಿದೋರ್ಗೆಲ್ಲ ಅವ್ನೇ ಬಸ್ಸು ಕಣೇ," ಎಂದಳು ನೆರೆಮನೆಯ ಮುನಿಯಲ್ಲಮ್ಮ. "ನನ್ ಮಗಳ ಹೆರಿಗೆಗೆ ಮಾವಿನ್ಕಾಯಿ ಕೆಳಗಿಳಿಸಿ ಕರ್ಕೊಂಡೋದ. ಕೂಸಿಗೆ ತೋತಾಪುರಿ ಅಂತ್ಲೇ ಹೆಸ್ರಿಡು ಅಂದ, ನಮ್ಮಪ್ಪ!"

ಯಾರೋ ನಕ್ಕು, ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

*

ಆಷಾಢ ಹುಟ್ಟಿದ ವಾರ, ಗಾಡಿ ಮಾರಿದವರ ಮೆಕ್ಯಾನಿಕ್ ಬಂದು ಆಂಜಿನಪ್ಪನ ಗಾಡಿಯಡಿ ಅಂಗಾತ ಮಲಗಿದ್ದ.

"ಸ್ಟೇರಿಂಗ್‌ಗೆ ಇಲ್ಲಿ ಪಿನ್ ಇರ್ಬೇಕು, ಆಂಜಿನಪ್ಪ. ಫ್ಯಾಕ್ಟ್ರಿಯೋರು ಬೇಗ ಮುಗೀಲಿ ಅಂತ ತಂತಿ ಸುತ್ತಿ ಕಳಿಸವ್ರೆ. ಕಂಪ್ನಿಯೋರೇ ಈಗ ಎಲ್ಲಾ ಗಾಡಿ ವಾಪಸ್ ಕರೀತಾವ್ರೆ. ನಾಳೆನೇ ತಂದ್ಬಿಡಿ."

ಭಾರತಮ್ಮನೂ ಬಗ್ಗಿ ಆ ತಂತಿಯನ್ನು ನೋಡಿದ್ದಳು.

"ಆರತಿ ಎತ್ತಿ ಕರ್ಕೊಂಡಿರೋ ಲಕ್ಷ್ಮಿನ ಆಷಾಢದಲ್ಲಿ ವಾಪಸ್ ಕಳಿಸ್ತಾರೇನ್ಲಾ?" ಎಂದಳು ಅವ್ವ ದೊಡ್ಡಮುನಿಯಮ್ಮ. "ಆಷಾಢ ಕಳೀಲಿ. ಮುನಿಶಾಮಿಗೂ ಹೇಳು."

ಅವ್ವ ಗುಡಿಯಿಂದ ಎರಡು ಕೆಂಪು ದಾರ ತಂದಳು. ಒಂದನ್ನು ಆಂಜಿನಪ್ಪ ಆ ತಂತಿಯ ಪಕ್ಕದಲ್ಲೇ ಕಟ್ಟಿದ, ಇನ್ನೊಂದನ್ನು ಮುನಿಶಾಮಿಗೆ ಕೊಟ್ಟ.

"ಇನ್ಮೇಲೆ ದೇವ್ರೇ ಡ್ರೈವರು, ನಾನು ಕ್ಲೀನರು," ಎಂದು ತಂಗಿಯತ್ತ ಕಣ್ಣು ಮಿಟುಕಿಸಿದ್ದ.

*

ಉದುರಿದ ಹುಲ್ಲು ಎತ್ತಿಕೊಳ್ಳಲು ಭಾರತಮ್ಮ ಬಗ್ಗಿದಳು. ಮುನಿಶಾಮಿಯ ಗಾಡಿಯಡಿಯೂ ಕೆಂಪು ದಾರ ಜೋಲಾಡುತ್ತಿತ್ತು. ಪಕ್ಕದಲ್ಲಿ ತಂತಿ ಇರಲಿಲ್ಲ, ಪಿನ್ನೂ ಇರಲಿಲ್ಲ.

ಅಷ್ಟರಲ್ಲಿ ತಮಟೆ ಶುರುವಾಯಿತು. ಅಣ್ಣನನ್ನು ಹುಲ್ಲಿನ ಮೇಲೆ ಕೂರಿಸಿ, ಬೀಳದಂತೆ ಕಟ್ಟಿದರು. ಅಪ್ಪ, ಚಿಕ್ಕಪ್ಪಂದಿರು ಸುತ್ತ ಹತ್ತಿ ಕೂತರು. ಭಾರತಮ್ಮ ಅವ್ವನ ಮುಖ ನೋಡಿದಳು.

"ಅವ್ವಾ, ಕೆಳಗೆ ತಂತಿ ಇಲ್ಲ."

ಅವ್ವ ಮುಖ ತಿರುಗಿಸಿಕೊಂಡಳು. ಮುನಿಶಾಮಿ ಗಾಡಿ ಚಾಲು ಮಾಡಿದ. ಗಂಡಸರೆದುರು ಎಂದೂ ದನಿ ಎತ್ತದವಳು ಓಡಿಹೋಗಿ ಹಿಂದಿನ ಹಲಗೆ ಹಿಡಿದುಕೊಂಡಳು.

"ಮುನಿಶಾಮಣ್ಣಾ, ಇಳಿದು ಒಂದ್ಸಲ ಕೆಳಗೆ ನೋಡು."

ತಮಟೆ ಜೋರಾಯಿತು. "ಹೆಣ್ಮಕ್ಕಳು ದಾರಿ ಬಿಡ್ರಮ್ಮಾ," ಎಂದರು ಯಾರೋ. ಎಂಜಿನ್ನಿನ ನಡುಕಕ್ಕೆ ಆಂಜಿನಪ್ಪನ ತಲೆಯೊಂದೇ ಹೌದು, ಹೌದು ಎನ್ನುವಂತೆ ಅಲ್ಲಾಡುತ್ತಿತ್ತು. ಗಾಡಿ ಕದಲಿತು, ಹಲಗೆ ಕೈಜಾರಿತು.

"ಅಣ್ಣಾ, ಒಂದ್ಸಲ ನೋಡಣ್ಣಾ."