ಸುಣ್ಣವೋ, ಊಜಿಯೋ

ಬೆಳೆ ಕೆಟ್ಟರೆ ಸೊಸೆ ಬಾಗಿಲು ತೆಗೆದಿಟ್ಟಿದ್ದಳು ಎನ್ನುವುದು ಅಕ್ಕೂರಿನ ನಮ್ಮ ಮನೆಯಲ್ಲಿ ತೀರ್ಮಾನವಾಗಿಬಿಟ್ಟ ಮಾತು. ಮೇಲಿಂದ ಮೇಲೆ ಎರಡು ಬೆಳೆ ರೇಷ್ಮೆಹುಳುವಿಗೆ ಊಜಿ ನೊಣ ಬಿತ್ತು. ಆ ನೊಣ ಹುಳುವಿನ ಮೈಮೇಲೆ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆಯೊಡೆದ ಮರಿ ಒಳಗೆ ಕೊರೆದು ಹುಳುವನ್ನೇ ತಿಂದುಬಿಡುತ್ತದೆ. ನೊಣ ಬರುವುದು ಬಾಗಿಲಿಂದ, ಸೊಪ್ಪು ಹೊತ್ತು ಓಡಾಡುವವಳು ನಾನು. ಮುಗಿಯಿತಲ್ಲ! ಗಂಡ ನಾಗರಾಜು, ಅತ್ತೆ ಸಿದ್ದಮ್ಮ, ಬಂದುಹೋಗುವ ನೆಂಟರು, ಎಲ್ಲರ ಬಾಯಲ್ಲೂ ಈ ಭಾನುಪ್ರಿಯಳ ಬಾಗಿಲೇ.

ಹುಳುಮನೆಯ ಪರದೆ ಬಾಗಿಲನ್ನು ನಾನು ಒಂದು ದಿನವೂ ಹಾಕದೆ ಬಿಟ್ಟವಳಲ್ಲ. ಹೇಳಿ ಹೇಳಿ ಸಾಕಾಗಿ ಹೇಳುವುದನ್ನೇ ಬಿಟ್ಟಿದ್ದೆ.

ಹುಳು ನೋಡಿ ಆರೋಗ್ಯ ಹೇಳುವ ಅಧಿಕಾರ ಅತ್ತೆಯದು. ಹುಳು ಪೊರೆ ಬಿಡಲು ಮಲಗುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ತಟ್ಟೆಗೆ ಸುಣ್ಣದ ಪುಡಿ ಉದುರಿಸುತ್ತೇವೆ. ಹೋದ ಬೆಳೆಯಲ್ಲಿ ಜ್ವರದಿಂದ ಎದ್ದ ಹುಳುವಿನ ಬೆನ್ನ ಮೇಲೆ ಬಿಳಿ ಚುಕ್ಕೆ ಕಂಡು ಅತ್ತೆಯನ್ನು ಕರೆದು ತೋರಿಸಿದ್ದೆ.

"ಸುಣ್ಣ ಕಣಮ್ಮಿ. ನಿಂಗೆ ಎಲ್ಲಾ ಊಜಿನೇ," ಎಂದಿದ್ದರು.

ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಬರೀ ಮಂಜು. ಸುಣ್ಣ ಅಂದರೆ ಸುಣ್ಣ, ಮೊಟ್ಟೆ ಅಂದರೆ ಮೊಟ್ಟೆ. ಆಮೇಲೆ ಗೂಡುಗಳು ತೂತುಬಿದ್ದಾಗ ಮತ್ತೆ ಅದೇ ಬಾಗಿಲ ಮಾತು.

ಅದಕ್ಕೇ ಕ್ಯಾಮೆರಾ. ಅದು ಮೊಟ್ಟೆಯೆಂದು ಆಗಲೇ ಒಪ್ಪಿ ಆ ಹುಳುಗಳನ್ನು ಆರಿಸಿ ತೆಗೆದಿದ್ದರೆ ಬೆಳೆ ಉಳಿಯುತ್ತಿತ್ತು; ನನ್ನ ತಪ್ಪಲ್ಲ ಎಂದು ಇವರೆಲ್ಲರ ಕಣ್ಣ ಮುಂದೆ ಹಿಡಿಯಬೇಕಿತ್ತು. ಜಳ್ಳುಗೂಡು ಮಾರಿದ ಕಾಸು ನಮ್ಮ ಮನೆಯಲ್ಲಿ ಹೆಂಗಸರದು. ಅದನ್ನು ಸೆರಗಿಗೆ ಕಟ್ಟಿಕೊಂಡು ಚನ್ನಪಟ್ಟಣದ ಮುಕ್ತಿಯಾರ್ ಅವರ ಸ್ಟುಡಿಯೊಗೆ ಹೋದೆ. ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೊ ಲೆನ್ಸಿನ ಬೆಲೆ ಕೇಳಿ ಎದ್ದೇಬಿಟ್ಟೆ.

"ಕೂತ್ಕಳಿ ಅಕ್ಕ, ಕ್ವಾಪ ಯಾಕೆ?" ಎಂದು ಅವರು ರಬ್ಬರು ಕಿತ್ತುಬಂದ ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ತೆಗೆದಿಟ್ಟರು. "ಹೊಸಾ ಕ್ಯಾಮೆರಾಕ್ಕೆ ದುಡ್ಡು ಸುರೀಬ್ಯಾಡಿ. ಇದು ಯಾವ ಮಾಡೆಲ್ ಅಂತ ಹುಳ ಏನ್ ಕೇಳ್ತದಾ?"

ಲೆನ್ಸಿನ ಮುಂದೆ ತಿರುಪುವ ಕ್ಲೋಸಪ್ ಗಾಜು ಅಗ್ಗ, ಆದರೆ ಅಂಚೆಲ್ಲ ಕಲಸಿಹೋಗುತ್ತದೆ ಎಂದರು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟ್ಯೂಬು ಒಳ್ಳೆಯದು, ನನ್ನ ಗಂಟಿಗೆ ನಿಲುಕದು. ಕೊನೆಗೆ ಒಂದು ಸಣ್ಣ ಉಂಗುರ ತಂದು, ಕ್ಯಾಮೆರಾದ ಜೊತೆಗೆ ಬಂದಿದ್ದ ಸಾಧಾರಣ ಲೆನ್ಸನ್ನೇ ಹಿಂದುಮುಂದಾಗಿ ಕೂರಿಸಿದರು.

"ಇದೇನ್ರೀ, ಅಂಗಿ ತಿರುವಿ ಹಾಕ್ಕಂಡಂಗೆ!"

"ರಿವರ್ಸ್ ರಿಂಗು ಅಕ್ಕ. ಚಿಕ್ಕದು ದೊಡ್ಡದಾಗಿ ಕಾಣ್ತದೆ. ಫೋಕಸ್ಸಿಗೆ ಮಾತ್ರ ನೀವೇ ಒಸಿ ಹಿಂದೆ ಮುಂದೆ ಹೋಗ್ಬೇಕು. ಉಸಿರು ಬಿಟ್ರೂ ಕೆಡ್ತದೆ."

ಉಸಿರು ಬಿಗಿಹಿಡಿಯುವುದನ್ನು ಆ ಮನೆ ಎಂದೋ ಕಲಿಸಿದೆ ಎಂದುಕೊಂಡೆ. ಉಳಿದ ಕಾಸಿಗೆ ಮೋಟು ಸ್ಟ್ಯಾಂಡೊಂದು ಬಂತು. ಫ್ಲ್ಯಾಶಿಗೆ ಕಾಸಿರಲಿಲ್ಲ, ಕಿಟಕಿ ಬೆಳಕೇ ಗತಿ.

"ಬುದ್ಧಿ ಐತೇನಮ್ಮಿ ನಿಂಗೆ?" ಎಂದ ನಾಗರಾಜು, ಮನೆಗೆ ತಂದದ್ದನ್ನು ನೋಡಿ. ನಾನು ಸ್ಟ್ಯಾಂಡನ್ನು ಹುಳುಮನೆಯ ಕಿಟಕಿಗೆ ಹೊಂದಿಸತೊಡಗಿದೆ.

ಈ ಬೆಳೆಯಲ್ಲಿ ಹುಳು ಕೊನೆಯ ಜ್ವರದಿಂದ ಎದ್ದ ಬೆಳಗ್ಗೆ ಅತ್ತೆ ತಟ್ಟೆಗಳ ಮೇಲೆ ಕಣ್ಣಾಡಿಸಿ ಎಲ್ಲ ಸರಿಯಿದೆ ಎಂದರು. ಅವರು ಸರಿಯೆಂದ ತಟ್ಟೆಯಲ್ಲೇ ಚುಕ್ಕೆಯಿತ್ತು. ಹುಳುವನ್ನು ಸೊಪ್ಪಿನ ಸಮೇತ ಕಿಟಕಿಗೆ ಒಯ್ದೆ. ಒಂದು ಫೋಟೊದಲ್ಲಿ ಎಲೆಯ ಅಂಚು ಬಂತು, ಇನ್ನೊಂದರಲ್ಲಿ ಬರೀ ಕಾಲು. ಹಾಳಾದ್ದು, ಒಂದು ಗಳಿಗೆ ಸುಮ್ಮನಿರಬಾರದೆ? ಸೊಂಟ ಬಿದ್ದುಹೋಗುವ ಹೊತ್ತಿಗೆ ಒಂದು ಚಿತ್ರ ನಿಚ್ಚಳವಾಗಿ ಸಿಕ್ಕಿತು. ಸುಣ್ಣದ ಹರಳು ಒಡಕು ಒಡಕಾಗಿ ಎಲೆಯ ಮೇಲಿತ್ತು. ಬೆನ್ನ ಮೇಲಿದ್ದದ್ದು ಬೇರೆಯೇ: ನುಣ್ಣಗೆ, ಅಕ್ಕಿಕಾಳಿನ ಹಾಗೆ ಉದ್ದಕ್ಕೆ, ಚರ್ಮಕ್ಕೆ ಅಂಟಿಕೊಂಡಿತ್ತು. ಮೊಟ್ಟೆಯೇ.

ಅತ್ತೆಯನ್ನು ಕೂಗಿ ಕ್ಯಾಮೆರಾ ಕೈಗಿಟ್ಟೆ. "ಈಗ ಹೇಳಿ."

ಅವರು ಅದನ್ನು ಮುಖದ ಹತ್ತಿರ ಹಿಡಿದರು. ದೂರ ಹಿಡಿದರು. ಕಿಟಕಿಯ ಕಡೆ ತಿರುಗಿಸಿದರು. ಬಹಳ ಹೊತ್ತು ನೋಡಿ, "ಸುಣ್ಣ ಕಣಮ್ಮಿ," ಎಂದರು.

ಮೈ ಉರಿದು ಬಗ್ಗಿ ನೋಡಿದೆ. ಕ್ಯಾಮೆರಾದ ಪರದೆ ತಾನಾಗೇ ಆರಿಹೋಗಿತ್ತು. ಅವರು ನೋಡುತ್ತಿದ್ದದ್ದು ಕಪ್ಪು ಗಾಜನ್ನು.

"ಅತ್ತೆ," ಎಂದೆ ಮೆಲ್ಲಗೆ, "ಅದು ಆಫ್ ಆಗೈತೆ."

ಅವರು ಕ್ಯಾಮೆರಾ ನನ್ನ ಕೈಗೆ ಕೊಟ್ಟು ಅಲ್ಲೇ ಸೊಪ್ಪಿನ ಹೊರೆಯ ಮೇಲೆ ಕುಸಿದು ಕೂತರು. ಅಷ್ಟರಲ್ಲಿ ನಾಗರಾಜು ಬಂದು ನಮ್ಮಿಬ್ಬರ ಮುಖ ನೋಡಿದ.

"ಏನು, ತಿರ್ಗಾ ಊಜಿನಾ? ಬಾಗ್ಲು ತೆಗ್ದಿಟ್ಟಿದ್ದೇನಮ್ಮಿ?"

ಫೋಟೊ ನನ್ನ ಕೈಯಲ್ಲೇ ಇತ್ತು. ಅದನ್ನು ಸೆರಗಿನ ಮರೆಗೆ ಸರಿಸಿದೆ.

"ಬಾಗ್ಲು ಅವ್ಳು ಹಾಕೇ ಇರ್ತಾಳೆ ಕಣ್ಲಾ," ಎಂದರು ಅತ್ತೆ. "ನಂಗೇ ಕಣ್ಣು ಕಾಣಾಕಿಲ್ಲ. ಹೋದ್ ಬೆಳೆಲೂ ಕಾಣ್ನಿಲ್ಲ, ಅದ್ರ ಹಿಂದಿಂದ್ರಲ್ಲೂ ಕಾಣ್ನಿಲ್ಲ. ಹೇಳಿದ್ರೆ ಹುಳಮನೆ ಒಳೀಕೆ ನನ್ನ ಬುಡ್ತಿದ್ರಾ ನೀವು?"

ನಾಗರಾಜು ನನ್ನ ಕಡೆ ನೋಡಲಾರದೆ ತಟ್ಟೆ ಎತ್ತಿಕೊಂಡು ಕಿಟಕಿಗೆ ಹೋದ. ಈ ಮಾತಿಗಾಗಿ ಎಷ್ಟು ಕಾದಿದ್ದೆ! ಗೆದ್ದ ಖುಷಿ ಒಂದಿಷ್ಟೂ ಬರಲಿಲ್ಲ. ಇವರನ್ನು ಬೈಯಬೇಕೆಂದು ಕೂಡಿಟ್ಟಿದ್ದೆಲ್ಲ ಬಿಟ್ಟು ಅತ್ತೆಯ ಪಕ್ಕದಲ್ಲಿ ಕೂತೆ.

"ಬುಡ್ತಿದ್ವಿ ಅತ್ತೆ," ಎಂದೆ. ಇಬ್ಬರಿಗೂ ಗೊತ್ತಿತ್ತು, ಅದು ಸುಳ್ಳೆಂದು.